ನಮ್ಮ ನಗು ಎಲ್ಲಿ ನಿಲ್ಲುತ್ತದೆ?

ಓದುಗರೇ, ನೀವು ಕೊನೆಯ ಬಾರಿ ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು ಯಾರನ್ನು ನೋಡಿ? ಸ್ವಲ್ಪ ನೆನಪಿಸಿಕೊಳ್ಳಿ. ಅದರೊಂದಿಗೆ ಇನ್ನೊಂದನ್ನೂ ನೆನಪಿಸಿಕೊಳ್ಳಿ. ಸುತ್ತಲಿನವರೆಲ್ಲ ನಗುತ್ತಿದ್ದಾಗ ನಿಮಗೊಬ್ಬರಿಗೆ ಮಾತ್ರ ನಗು ಬಾರದೆ ಮುಖ ಗಂಟು ಹಾಕಿಕೊಂಡದ್ದು ಯಾವಾಗ? ಮೊದಲ ಪ್ರಶ್ನೆಗಿಂತ ಈ ಎರಡನೆಯ ಪ್ರಶ್ನೆಯೇ ನಮ್ಮ ಬಗ್ಗೆ ಹೆಚ್ಚು ಹೇಳುತ್ತದೆ.

ಅಫಜಲಪುರ ತಾಲೂಕಿನ ಅತನೂರಿನಲ್ಲಿ ಒಂದು ರಾತ್ರಿ ಊಟ ಮುಗಿಸಿ ಏಳೆಂಟು ಮಂದಿ ಕಟ್ಟೆಯ ಮೇಲೆ ಕುಳಿತಿದ್ದೆವು. ತೊಗರಿಯ ಧಾರಣೆ, ಮಳೆ, ಮದುವೆ ಎಲ್ಲ ಮಾತಾಗಿ ಮುಗಿದಿತ್ತು. ಒಬ್ಬ ಹುಡುಗ ಮೊಬೈಲ್ ತೆರೆದು ಒಂದು ಕಾರ್ಯಕ್ರಮ ತೋರಿಸಿದ. ವಾರ್ತೆ ಓದುವವನಂತೆ ಕೋಟು ಹಾಕಿಕೊಂಡು ಮೇಜಿನ ಹಿಂದೆ ಕುಳಿತ ಒಬ್ಬಾತ ಆ ದಿನದ ಸುದ್ದಿಯನ್ನೇ ಹೇಳುತ್ತಾ ನಗಿಸುತ್ತಿದ್ದ. ಮೊದಲು ಒಂದು ಪಕ್ಷದ ನಾಯಕರ ಸರದಿ ಬಂತು. ಕಟ್ಟೆಯೆಲ್ಲ ನಕ್ಕಿತು. ಹಿರಿಯರೊಬ್ಬರು, "ಇನ್ನೊಮ್ಮೆ ಹಚ್ಚೋ ತಮ್ಮಾ" ಎಂದು ಕೇಳಿ ಮತ್ತೆ ನಕ್ಕರು. ಆ ಬಳಿಕ ಆ ಹಿರಿಯರು ಮೆಚ್ಚುವ ನಾಯಕರ ಸರದಿ ಬಂತು. "ಸಾಕು, ಬಂದ್ ಮಾಡು. ಇವರಿಗೆ ದೊಡ್ಡವರು ಸಣ್ಣವರು ಅನ್ನೋದೇ ಗೊತ್ತಿಲ್ಲ" ಎಂದರು. ಹುಡುಗ ಬಂದ್ ಮಾಡಲಿಲ್ಲ. ಮೂರನೆಯದಾಗಿ ಬಂದದ್ದು ಸರಳ ಜೀವನದ ಬಗ್ಗೆ ಪ್ರವಚನ ಕೊಟ್ಟು ದುಬಾರಿ ಕಾರಿನಲ್ಲಿ ಹೊರಟ ಒಬ್ಬ ಧಾರ್ಮಿಕ ಭಾಷಣಕಾರರ ದೃಶ್ಯ. ಅವರನ್ನು ನಾನು ಗೌರವಿಸುತ್ತಿದ್ದೆ. ಈ ಬಾರಿ ಆ ಹಿರಿಯರು ನಕ್ಕರು. ನಗು ಬಾರದೆ ಎದ್ದು ಹೋದವನು ನಾನು.

ಮನೆಗೆ ಬಂದು ಮಲಗಿದರೂ ನಿದ್ದೆ ಬರಲಿಲ್ಲ. ಆತ ಸುಳ್ಳು ಹೇಳಿದನೇ? ಇಲ್ಲ. ಪ್ರವಚನವೂ ನಿಜ, ಕಾರೂ ನಿಜ. ಹಾಗಾದರೆ ನನ್ನ ಕೋಪ ಯಾರ ಮೇಲೆ?

ನಗೆಯ ನ್ಯಾಯ ನಮಗೆ ಹೊಸದಲ್ಲ

ಇಂಥ ಕಾರ್ಯಕ್ರಮಗಳು ಹೊರದೇಶದಿಂದ ಬಂದ ಪಿಡುಗು ಎಂದು ಹೇಳುವವರಿದ್ದಾರೆ. ಹೊಸದಾಗಿ ಬಂದದ್ದು ಕೋಟು ಮತ್ತು ಮೇಜು ಮಾತ್ರ. ನಮ್ಮ ಭಾಗದ ಹಳ್ಳಿಗಳಲ್ಲಿ ಹರದೇಶಿ-ನಾಗೇಶಿ ಗೀಗೀ ಮೇಳಗಳನ್ನು ಕೇಳಿದವರಿಗೆ ಇದು ಗೊತ್ತು. ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ. ಬೆಳಗಾಗುವವರೆಗೆ ಸವಾಲು, ಜವಾಬು, ಮೂದಲಿಕೆ. ಆದರೆ ಅಲ್ಲೊಂದು ದೊಡ್ಡ ನ್ಯಾಯವಿದೆ. ಮೂದಲಿಸಲ್ಪಟ್ಟವರು ಅದೇ ರಾತ್ರಿ, ಅದೇ ಜನರ ಮುಂದೆ ಎದ್ದು ನಿಂತು ಉತ್ತರ ಹೇಳುತ್ತಾರೆ. ಕೇಳಲು ಕುಳಿತ ಊರು ಎರಡನ್ನೂ ತೂಗಿ ನೋಡುತ್ತದೆ.

ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವನ್ನು ಕನ್ನಡಿಗರು ಮರೆತಿಲ್ಲ. 2019ರಲ್ಲಿ ತೀರಿಕೊಂಡ ಅವರು ದಶಕಗಳ ಕಾಲ ಆ ನಾಟಕ ಆಡಿದರು. ನಾಟಕ ಹಳೆಯದು, ಆದರೆ ಮಾತು ಅಂದಂದಿನದು. ಬೆಳಿಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿ ರಾತ್ರಿ ರಂಗದ ಮೇಲೆ ಅವರ ಬಾಯಲ್ಲಿ ಬರುತ್ತಿತ್ತು. ಲಂಚಕೋರ ಅಧಿಕಾರಿಯನ್ನೂ ಮಂತ್ರಿಯನ್ನೂ ಬಿಡದ ಅವರು ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡು ಬಂದು ಎದುರಿಗೆ ಕುಳಿತ ಪ್ರೇಕ್ಷಕನನ್ನೂ ಬಿಡುತ್ತಿರಲಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ.

ಮೇಜಿನ ಹಿಂದಿನ ಮನುಷ್ಯ

ದೂರದರ್ಶನದ ಕಾಲದಲ್ಲಿ, 1980ರ ದಶಕದ ಕೊನೆಗೆ, ಜಸ್ಪಾಲ್ ಭಟ್ಟಿಯವರು ಕಚೇರಿಗಳ ಆಲಸ್ಯವನ್ನೂ ಲಂಚವನ್ನೂ ತೋರಿಸಿ ದೇಶವನ್ನು ನಗಿಸಿದರು. 1997ರಲ್ಲಿ ಶೇಖರ್ ಸುಮನ್ ಅವರ 'ಮೂವರ್ಸ್ ಅಂಡ್ ಶೇಕರ್ಸ್' ಬಂತು. ರಾಜಕಾರಣಿಗಳ ಅಣಕ, ಆಮೇಲೆ ಅತಿಥಿಯೊಡನೆ ಮಾತುಕತೆ ಅದರ ಕ್ರಮವಾಗಿತ್ತು. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ 'ದ ಡೈಲಿ ಶೋ' ಇಂತಹ ಕಾರ್ಯಕ್ರಮಗಳಲ್ಲೆಲ್ಲ ಹೆಸರಾದದ್ದು. 1999ರಿಂದ 2015ರವರೆಗೆ ಅದನ್ನು ನಡೆಸಿದವರು ಜಾನ್ ಸ್ಟೀವರ್ಟ್. 2024ರಲ್ಲಿ ಅವರು ವಾರಕ್ಕೊಂದು ರಾತ್ರಿಯ ಮಟ್ಟಿಗೆ ಮರಳಿ ಬಂದರು.

ಇವರ ಕಸುಬು ಸರಳವಾದದ್ದು. ನಾಯಕನೊಬ್ಬ ಇಂದು ಆಡಿದ ಮಾತನ್ನು ತೋರಿಸುತ್ತಾರೆ. ಅದೇ ನಾಯಕ ಎರಡು ವರ್ಷದ ಹಿಂದೆ ಆಡಿದ ತದ್ವಿರುದ್ಧ ಮಾತನ್ನು ಅದರ ಪಕ್ಕದಲ್ಲಿಡುತ್ತಾರೆ. ಆಮೇಲೆ ತಾವೇನೂ ಹೇಳದೆ ಸುಮ್ಮನೆ ಮುಖ ನೋಡುತ್ತಾರೆ. ಅಷ್ಟಕ್ಕೇ ಜನ ನಗುತ್ತಾರೆ. ನಿಜವಾಗಿ ಇದು ನೆನಪಿನ ಕೆಲಸ. ಜನರ ಮರೆವನ್ನೇ ಬಂಡವಾಳ ಮಾಡಿಕೊಂಡವರ ಮುಂದೆ ಹಳೆಯ ಲೆಕ್ಕದ ಪುಸ್ತಕ ತೆರೆದಿಟ್ಟಂತೆ.

ಸಂದರ್ಶನದ ಭಾಗಕ್ಕೆ ಬಂದಾಗ ಪರೀಕ್ಷೆ ಬಿಗಿಯಾಗುತ್ತದೆ. ಇಲ್ಲದವನನ್ನು ಗೇಲಿ ಮಾಡುವುದು ಸುಲಭ. ಎದುರಿಗೆ ಬಂದು ಕುಳಿತವನನ್ನು ಏನು ಕೇಳುತ್ತೀರಿ? ಸಾಮಾನ್ಯವಾಗಿ ಬರುವವರು ಹೊಸ ಚಿತ್ರದ ಪ್ರಚಾರಕ್ಕೆ ಬಂದ ತಾರೆಯರು. ಅವರಿಗೆ ಸಿಗುವುದು ಸಕ್ಕರೆಯಂಥ ಪ್ರಶ್ನೆ. ಕನ್ನಡದಲ್ಲಿ 2015ರಲ್ಲಿ ಆರಂಭವಾದ 'ಮಜಾ ಟಾಕೀಸ್'ನಂಥ ಕಾರ್ಯಕ್ರಮಗಳಿಗೂ ಚಿತ್ರತಂಡಗಳು ಬಂದು ನಕ್ಕು ನಗಿಸಿ ಹೋದವು. ಅದರಲ್ಲಿ ತಪ್ಪೇನಿಲ್ಲ, ಅದು ಪೇಟೆಯ ವ್ಯವಹಾರ. ಆದರೆ ಕೆಲವು ರಾತ್ರಿಗಳು ಬೇರೆಯಾಗಿದ್ದವು.

2009ರ ಮಾರ್ಚ್ 12ರಂದು ಷೇರು ಪೇಟೆಯ ಸಲಹೆಗಾರ ಜಿಮ್ ಕ್ರೇಮರ್ ಅವರು ಸ್ಟೀವರ್ಟ್ ಮುಂದೆ ಬಂದು ಕುಳಿತರು. ಹಿಂದಿನ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದು ಸಾಮಾನ್ಯ ಜನ ತಮ್ಮ ಉಳಿತಾಯ ಕಳೆದುಕೊಂಡಿದ್ದರು. ಪೇಟೆಯೊಳಗಿನ ಕೈಚಳಕ ತಿಳಿದವರೇ ಟಿ.ವಿ.ಯಲ್ಲಿ ಅದನ್ನು ಆಟದಂತೆ ತೋರಿಸಿದ್ದೇಕೆ ಎಂದು ಸ್ಟೀವರ್ಟ್ ಕೇಳಿದರು. ಆ ರಾತ್ರಿ ನಗು ಕಡಿಮೆಯಿತ್ತು. ಆದರೆ ಗಮನಿಸಿ: ಕ್ರೇಮರ್ ಅವರು ಬಂದರು, ಕುಳಿತರು, ತಮ್ಮ ಉತ್ತರ ಹೇಳಿದರು. ನಮ್ಮ ಗೀಗೀ ಮೇಳದ ನ್ಯಾಯ ಅಲ್ಲಿತ್ತು. ಹಾಗೆಯೇ 2013ರ ಅಕ್ಟೋಬರಿನಲ್ಲಿ, ಶಾಲೆಗೆ ಹೋದದ್ದಕ್ಕೆ ಗುಂಡೇಟು ತಿಂದ ಹದಿನಾರರ ಹರೆಯದ ಮಲಾಲಾ ಯೂಸುಫ್‌ಝಾಯಿ ಅಲ್ಲಿಗೆ ಬಂದಾಗ, ಎದುರಾಳಿಗೂ ಕೈ ಎತ್ತಲಾರೆ ಎಂಬ ಅವಳ ಮಾತಿಗೆ ನಗಿಸುವವನೇ ಮಾತು ಸಿಗದೆ ಕುಳಿತ. ಸುಮ್ಮನಾಗಬೇಕಾದಲ್ಲಿ ಸುಮ್ಮನಾಗುವುದೂ ವಿಡಂಬನಕಾರನ ಒಂದು ಯೋಗ್ಯತೆ.

ಕೈರೋದ ವೈದ್ಯ

ಈಗ ನಿಮ್ಮನ್ನು ಈಜಿಪ್ಟಿಗೆ ಕರೆದೊಯ್ಯುತ್ತೇನೆ. ಅತನೂರಿನ ಕಟ್ಟೆಯ ಮೇಲೆ ನಡೆದದ್ದೇ ಅಲ್ಲಿ ಒಂದು ದೇಶದ ಮಟ್ಟದಲ್ಲಿ ನಡೆಯಿತು.

ಬಾಸಿಮ್ ಯೂಸುಫ್ ಹೃದಯದ ಶಸ್ತ್ರಚಿಕಿತ್ಸಕ. 2011ರ ಕ್ರಾಂತಿಯಲ್ಲಿ ತಹ್ರೀರ್ ಚೌಕದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಮಾಡಿದವರು. ಬೀದಿಯಲ್ಲಿ ಕಂಡದ್ದೊಂದು, ಟಿ.ವಿ.ಯಲ್ಲಿ ಹೇಳಿದ್ದೊಂದು ಎಂಬುದನ್ನು ನೋಡಿ ಮನೆಯಲ್ಲೇ ಸಣ್ಣ ಸಣ್ಣ ವಿಡಂಬನೆಯ ದೃಶ್ಯಗಳನ್ನು ತಯಾರಿಸಿ ಯೂಟ್ಯೂಬಿಗೆ ಹಾಕಿದರು. ಅದು ಬೆಳೆದು 'ಅಲ್ ಬರ್ನಾಮಜ್' ಎಂಬ ದೊಡ್ಡ ಟಿ.ವಿ. ಕಾರ್ಯಕ್ರಮವಾಯಿತು.

2012ರ ಜೂನಿನಲ್ಲಿ ಮುಹಮ್ಮದ್ ಮುರ್ಸಿಯವರು ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದರು. ಬಾಸಿಮ್ ಅವರನ್ನು ವಾರವಾರವೂ ಗೇಲಿ ಮಾಡಿದರು. ಮುರ್ಸಿಯವರ ವಿರೋಧಿಗಳು ಬಿದ್ದು ಬಿದ್ದು ನಕ್ಕರು. 2013ರ ಮಾರ್ಚ್ 31ರಂದು ಅಧ್ಯಕ್ಷರನ್ನೂ ಇಸ್ಲಾಮನ್ನೂ ಅವಮಾನಿಸಿದರೆಂಬ ಆರೋಪದ ಮೇಲೆ ಬಾಸಿಮ್ ಅವರನ್ನು ಕರೆಸಿ ಗಂಟೆಗಟ್ಟಲೆ ವಿಚಾರಣೆ ಮಾಡಿ 15,000 ಪೌಂಡುಗಳ ಜಾಮೀನಿನ ಮೇಲೆ ಬಿಡಲಾಯಿತು. ಆ ದಿನ ನಮ್ಮಲ್ಲಿ ಅನೇಕರು ಏನೆಂದುಕೊಂಡೆವು? "ಆಗಬೇಕಾದದ್ದೇ" ಎಂದುಕೊಳ್ಳಲಿಲ್ಲವೇ? ನಾನು ಅಂದುಕೊಂಡೆ, ಬಚ್ಚಿಡುವುದಿಲ್ಲ.

2013ರ ಜುಲೈ 3ರಂದು ಸೇನೆ ಮುರ್ಸಿಯವರನ್ನು ಕೆಳಗಿಳಿಸಿತು. ಆಗಸ್ಟಿನಲ್ಲಿ ರಾಬಿಆ ಚೌಕದಲ್ಲಿ ನೂರಾರು ಜನ ಹತರಾದರು. ಅಕ್ಟೋಬರ್ 25ರಂದು ಬಾಸಿಮ್ ಮರಳಿ ಪರದೆಗೆ ಬಂದರು. ಈ ಸಲ ಅವರು ತೋರಿಸಿದ್ದು ಸೇನಾಧಿಪತಿ ಸೀಸಿಯವರ ಚಿತ್ರ ಅಚ್ಚೊತ್ತಿದ ಮಿಠಾಯಿಗಳನ್ನೂ, ಅವರ ಹೆಸರಿನಲ್ಲಿ ಹುಚ್ಚೆದ್ದ ಜನರನ್ನೂ. ಸೀಸಿಯವರ ಬಗ್ಗೆ ಹೆಚ್ಚೇನೂ ಹೇಳಲೂ ಇಲ್ಲ. ಅಷ್ಟು ಸಾಕಾಯಿತು. ನಿನ್ನೆ ಚಪ್ಪಾಳೆ ತಟ್ಟಿದವರೇ ಇಂದು ದೂರು ಬರೆದರು. ಒಂದೇ ವಾರದಲ್ಲಿ ವಾಹಿನಿ ಕಾರ್ಯಕ್ರಮವನ್ನು ನಿಲ್ಲಿಸಿತು. ಬೇರೆ ವಾಹಿನಿಯಲ್ಲಿ ಕೆಲವು ತಿಂಗಳು ನಡೆದು 2014ರ ಜೂನಿನಲ್ಲಿ ಅದು ಶಾಶ್ವತವಾಗಿ ಮುಗಿಯಿತು. ಆ ವೈದ್ಯರು ದೇಶವನ್ನೇ ಬಿಟ್ಟರು.

ಆಲೋಚಿಸಿ ನೋಡಿ. ಮನುಷ್ಯ ಅದೇ, ಮೇಜು ಅದೇ, ಕಸುಬು ಅದೇ. ಬದಲಾದದ್ದು ಗುರಿ ಮಾತ್ರ. ಮೊದಲ ವರ್ಷ ನಕ್ಕವರು ಎರಡನೆಯ ವರ್ಷ ಕೋಪಗೊಂಡರು. ಮೊದಲ ವರ್ಷ ಕೋಪಗೊಂಡವರಲ್ಲಿ ಎಷ್ಟೋ ಮಂದಿ ಎರಡನೆಯ ವರ್ಷ ನಗುವ ಸ್ಥಿತಿಯಲ್ಲೇ ಉಳಿದಿರಲಿಲ್ಲ. ವಿಚಾರಣೆ, ಜಾಮೀನು ಏನೇ ಆದರೂ ಮುರ್ಸಿಯವರ ಕಾಲದಲ್ಲಿ ಆ ಕಾರ್ಯಕ್ರಮ ನಡೆಯುತ್ತಲೇ ಇತ್ತು, ಬಂದೂಕಿನ ಕಾಲದಲ್ಲಿ ನಡೆಯಲಿಲ್ಲ ಎಂಬುದನ್ನು ಇತಿಹಾಸ ಬರೆದಿಟ್ಟಿದೆ. ಆಳುವವನನ್ನು ನೋಡಿ ನಗಲು ಬಿಡದ ದೇಶದಲ್ಲಿ, ಆಳುವವನ ಕೈಯಲ್ಲಿ ನರಳಿದವನು ಅಳುವುದಕ್ಕೂ ಜಾಗವಿರುವುದಿಲ್ಲ. ಮಾರ್ಚಿನಲ್ಲಿ ನನಗೆ ಹೊಳೆಯದ ಈ ಸತ್ಯ ಆಗಸ್ಟಿನಲ್ಲಿ ಹೊಳೆಯಿತು.

ಬೆಂಗಳೂರಿನ ಎರಡು ಸಂಜೆಗಳು

ದೂರದ ಮಾತು ಬಿಡಿ. ನಗಿಸುವ ಕಲಾವಿದ ಮುನವ್ವರ್ ಫಾರೂಕಿಯವರನ್ನು 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿಸಲಾಯಿತು. ದೇವರುಗಳನ್ನು ಅವಮಾನಿಸಿದರೆಂಬುದು ದೂರು. ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ನೀಡುವವರೆಗೆ ಅವರು ಜೈಲಿನಲ್ಲಿದ್ದರು. ಅದೇ ವರ್ಷ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮವನ್ನು, ಶಾಂತಿ ಸುವ್ಯವಸ್ಥೆಯ ಕಾರಣ ಹೇಳಿ ಪೊಲೀಸರು ಸೂಚಿಸಿದ ಮೇಲೆ, ರದ್ದು ಮಾಡಲಾಯಿತು. ಮರುವರ್ಷ, 2022ರ ನವೆಂಬರ್ 10ರಂದು, ವೀರ್ ದಾಸ್ ಅವರ ಕಾರ್ಯಕ್ರಮವೂ ಒಂದು ಸಂಘಟನೆಯ ದೂರಿನ ನಂತರ ಮಲ್ಲೇಶ್ವರದಲ್ಲಿ ರದ್ದಾಯಿತು.

ಮೊದಲನೆಯದಕ್ಕೆ ನಮಗೆ ನೋವಾಯಿತು. ಸರಿ. ಎರಡನೆಯದಕ್ಕೆ ಅಷ್ಟೇ ನೋವಾಯಿತೇ? ನಾಳೆ ನಮ್ಮ ಸಮುದಾಯದ ಮುಖಂಡರನ್ನೋ ಸಂಸ್ಥೆಯನ್ನೋ ಲೇವಡಿ ಮಾಡಿದವನ ಕಾರ್ಯಕ್ರಮವನ್ನು ಯಾರಾದರೂ ನಿಲ್ಲಿಸಿದರೆ ನಾವು ಯಾವ ಕಡೆ ನಿಲ್ಲುತ್ತೇವೆ? ತನಗೆ, ತನ್ನ ತಂದೆತಾಯಿಗೆ, ತನ್ನ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿಯಾಗಬೇಕೆಂದು ಕಲಿಸುವ ಗ್ರಂಥ ನಮ್ಮ ಮನೆಗಳಲ್ಲಿದೆ. ಆ ಪಾಠ ನಗೆಗೂ ಅನ್ವಯಿಸುತ್ತದೆಂದು ನಾವು ಯೋಚಿಸಿದ್ದೇವೆಯೇ?

ಅಪಹಾಸ್ಯ ಯಾವುದು, ವಿಡಂಬನೆ ಯಾವುದು?

ಹಾಗೆಂದು ಎಲ್ಲ ಗೇಲಿಯೂ ಸರಿಯೆಂದು ನಾನು ಹೇಳುವುದಿಲ್ಲ. ಕುರ್‌ಆನ್ 'ಹುಜುರಾತ್' ಅಧ್ಯಾಯದಲ್ಲಿ ಅಪಹಾಸ್ಯವನ್ನು ನಿಷೇಧಿಸುವಾಗ ಕೊಡುವ ಕಾರಣ ಗಮನಾರ್ಹವಾದದ್ದು. ನೀವು ಹೀಯಾಳಿಸುವವರು ನಿಮಗಿಂತ ಉತ್ತಮರಾಗಿರಬಹುದು ಎಂಬುದೇ ಆ ಕಾರಣ. ಅಂದರೆ ಅಪಹಾಸ್ಯದ ಬೇರು ಅಹಂಕಾರ. ಒಬ್ಬನ ಬಣ್ಣ, ಮಾತಿನ ತೊದಲು, ಬಡತನ, ಜಾತಿ, ಹಳ್ಳಿಯ ನುಡಿ ಇವುಗಳನ್ನು ನೋಡಿ ನಗುವವನು ತಾನು ಮೇಲೆಂದು ಸಾರುತ್ತಾನೆ. ನಮ್ಮ ಕಲಬುರಗಿ ಕಡೆಯ ಮಾತಿನ ಧಾಟಿಯನ್ನೇ ನಗೆಯ ಸರಕು ಮಾಡಿಕೊಂಡವರನ್ನು ನಾವು ಕಂಡಿದ್ದೇವೆ. ಅದರಲ್ಲಿ ಯಾವ ಅನ್ಯಾಯವೂ ಬಯಲಾಗುವುದಿಲ್ಲ.

ಆದರೆ ಪ್ರಜೆಯ ಹಣ ತಿಂದವನ, ಕೊಟ್ಟ ಮಾತು ತಪ್ಪಿದವನ, ದ್ವೇಷ ಬಿತ್ತಿ ಮತ ಕೊಯ್ಯುವವನ ಕೃತ್ಯವನ್ನು ಬಯಲಿಗೆ ಇಡುವುದು ಬೇರೆ. ಹದಿಮೂರನೆಯ ಶತಮಾನದ ಇಮಾಮ್ ನವವಿಯವರು ಪರದೂಷಣೆಯನ್ನು ಕಟುವಾಗಿ ಖಂಡಿಸಿದ ನಂತರ ಅದಕ್ಕೆ ಹೊರತಾದ ಆರು ಸಂದರ್ಭಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು, ಅನ್ಯಾಯಕ್ಕೊಳಗಾದವನು ಅನ್ಯಾಯ ಮಾಡಿದವನ ಬಗ್ಗೆ ದೂರುವುದು. ಕೆಡುಕಿನ ಬಗ್ಗೆ ಜನರನ್ನು ಎಚ್ಚರಿಸುವುದೂ ಅದರಲ್ಲಿದೆ. ನಗೆಯ ರೂಪದಲ್ಲಿ ಬಂದ ಮಾತ್ರಕ್ಕೆ ದೂರು ದೂರಲ್ಲದೆ ಹೋಗುವುದಿಲ್ಲ. ದೂರೆಂದ ಮಾತ್ರಕ್ಕೆ ಎಲ್ಲ ಮೂದಲಿಕೆಯೂ ನ್ಯಾಯವಾಗುವುದೂ ಇಲ್ಲ. ಮನುಷ್ಯನ ಹುಟ್ಟನ್ನು ನೋಡಿ ನಗಬೇಡಿ, ಅವನ ಕೃತ್ಯವನ್ನು ನೋಡಿ. ಕೈಲಾಗದವನನ್ನು ಬಿಡಿ, ಅಧಿಕಾರವಿದ್ದವನನ್ನು ಕೇಳಿ. ಗೆರೆ ಇಲ್ಲಿದೆ.

ನಗಿಸಲು ಹೇಳಿದ ಸುಳ್ಳು

ಇನ್ನೊಂದು ಗೆರೆಯೂ ಇದೆ. ಅದು ಸತ್ಯದ್ದು. ಜನರನ್ನು ನಗಿಸಲೆಂದೇ ಸುಳ್ಳಾಡುವವನನ್ನು ಪ್ರವಾದಿ(ಸ) ಕಠಿಣವಾಗಿ ಎಚ್ಚರಿಸಿದ್ದಾರೆ. ಅವರೂ ಸಂಗಡಿಗರೊಡನೆ ವಿನೋದವಾಡುತ್ತಿದ್ದರು, ಆದರೆ ವಿನೋದದಲ್ಲೂ ಸತ್ಯವನ್ನೇ ಆಡುತ್ತಿದ್ದರು. ಇದು ಹಳೆಯ ಕಾಲದ ಮಡಿವಂತಿಕೆಯೆಂದು ತೋರಬಹುದು. ಒಂದು ಇತ್ತೀಚಿನ ಪ್ರಸಂಗ ಕೇಳಿ.

ಹಸನ್ ಮಿನ್ಹಾಜ್ ಅಲಿಗಢ ಮೂಲದ ತಂದೆತಾಯಿಯ ಮಗ. ಅಮೆರಿಕದಲ್ಲಿ ಹುಟ್ಟಿದವರು. 'ದ ಡೈಲಿ ಶೋ'ದಲ್ಲಿ ಬೆಳೆದು 2018ರಿಂದ 2020ರವರೆಗೆ ತಮ್ಮದೇ ಸುದ್ದಿ ವಿಡಂಬನೆಯ ಕಾರ್ಯಕ್ರಮ ನಡೆಸಿದರು. ಸೌದಿ ದೊರೆತನವನ್ನು ಟೀಕಿಸಿದ ಅವರ ಒಂದು ಕಂತನ್ನು ಆ ದೇಶದಲ್ಲಿ ತೆಗೆದುಹಾಕಲಾಯಿತು. ಮುಸ್ಲಿಮನಾಗಿ ತಾವು ಅನುಭವಿಸಿದ ಸಂಶಯ, ಬೆದರಿಕೆಗಳನ್ನು ವೇದಿಕೆಯ ಮೇಲೆ ಕಥೆಯಾಗಿ ಹೇಳುತ್ತಿದ್ದರು. ಮನೆಗೆ ಬಂದ ಲಕೋಟೆಯಿಂದ ಬಿಳಿ ಪುಡಿ ಚೆಲ್ಲಿ ಪುಟ್ಟ ಮಗಳ ಮೇಲೆ ಬಿದ್ದು ಅವಳನ್ನು ಆಸ್ಪತ್ರೆಗೆ ಒಯ್ದೆವೆಂಬುದು ಅಂಥ ಒಂದು ಕಥೆ. 2023ರ ಸೆಪ್ಟೆಂಬರಿನಲ್ಲಿ 'ನ್ಯೂಯಾರ್ಕರ್' ಪತ್ರಿಕೆ ವಿಚಾರಿಸಿದಾಗ, ಮಗಳ ಮೇಲೆ ಪುಡಿ ಬಿದ್ದದ್ದಾಗಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದ್ದಾಗಲಿ ನಡೆದಿಲ್ಲವೆಂದು ಅವರು ಒಪ್ಪಿಕೊಂಡರು. ಘಟನೆ ನಡೆಯದಿದ್ದರೂ ಅದರ ಹಿಂದಿನ ಭಾವನೆ ನಿಜವೆಂಬುದು ಅವರ ಸಮರ್ಥನೆಯಾಗಿತ್ತು.

ಭಾವನೆ ನಿಜವಿರಬಹುದು. ಭಯವೂ ನಿಜವೇ. ಆದರೆ ಓದುಗರೇ, ಆ ಸುಳ್ಳಿನ ಬೆಲೆ ತೆರುವವರು ಯಾರು? ನಾಳೆ ನಿಜವಾಗಿಯೇ ಅಂಥ ಲಕೋಟೆ ಬಂದ ಮನೆಯವರು. ಅವರು ಬಾಯಿ ಬಿಟ್ಟರೆ "ಇದೂ ಕಥೆಯೇ ಇರಬೇಕು" ಎನ್ನುವವರಿಗೆ ಒಂದು ನೆಪ ಸಿಕ್ಕಿತು. ದೊರೆಯ ಸುಳ್ಳನ್ನು ಬಯಲು ಮಾಡಲು ಕುಳಿತವನು ತಾನೇ ಸುಳ್ಳು ಬೆರೆಸಿದರೆ ತಕ್ಕಡಿಯನ್ನೇ ಮುರಿದಂತೆ. "ತಮಾಷೆಗೆ ಅಂದೆ" ಎಂಬ ಮಾತು ಅದನ್ನು ಸರಿಪಡಿಸಲಾರದು.

ನಕ್ಕ ಮೇಲೆ ಏನು?

ಕೊನೆಯ ಪ್ರಶ್ನೆ ಫಲದ್ದು. ಹದಗೆಟ್ಟ ರಸ್ತೆಯ ಬಗ್ಗೆ ನಕ್ಕು ಮಲಗಿದರೆ ಬೆಳಿಗ್ಗೆ ರಸ್ತೆ ಹಾಗೆಯೇ ಇರುತ್ತದೆ. ಎಷ್ಟೋ ಸಲ ನಗು ನಮ್ಮ ಕೋಪವನ್ನು ಇಳಿಸಿ ನಮ್ಮನ್ನು ನಿಶ್ಚಿಂತರನ್ನಾಗಿ ಮಾಡುತ್ತದೆ. ಆಳುವವರಿಗೆ ಬೇಕಾದದ್ದೂ ಅದೇ. ಆದರೆ ಹೀಗೂ ಆದದ್ದಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅವಶೇಷಗಳ ನಡುವೆ ದುಡಿದು ರೋಗಿಗಳಾದವರ ಚಿಕಿತ್ಸೆಯ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಸಿಕ್ಕಿಕೊಂಡಿತ್ತು. 2010ರ ಡಿಸೆಂಬರ್ 16ರಂದು ಸ್ಟೀವರ್ಟ್ ಅಂಥ ನಾಲ್ವರನ್ನು ಕರೆಸಿ ಕೂರಿಸಿ ಮಾತಾಡಿಸಿದರು. ಡಿಸೆಂಬರ್ 22ರಂದು ಮಸೂದೆ ಅಂಗೀಕಾರವಾಯಿತು. ಅದು ಅವರೊಬ್ಬರಿಂದಲೇ ಆಯಿತೆನ್ನಲಾಗದು. ಆದರೆ ಆ ರಾತ್ರಿ ತಾರೆಯರ ಕುರ್ಚಿಯಲ್ಲಿ ಕಾಯಿಲೆ ಬಿದ್ದ ಕೆಲಸಗಾರರು ಕುಳಿತರು. ನಗೆ ಗಳಿಸಿಕೊಟ್ಟ ಜನರ ಗಮನವನ್ನು ಆತ ದಿಕ್ಕಿಲ್ಲದವರಿಗಾಗಿ ಖರ್ಚು ಮಾಡಿದರು.

ಅತನೂರಿನ ಆ ರಾತ್ರಿಯ ಲೆಕ್ಕ ಇನ್ನೂ ಬಾಕಿಯಿದೆ. ಕೆಲವು ದಿನಗಳ ನಂತರ ನಾನು ಆ ಹುಡುಗನಿಂದ ಆ ದೃಶ್ಯವನ್ನು ಕೇಳಿ ಪಡೆದು ಒಬ್ಬನೇ ಕುಳಿತು ನೋಡಿದೆ. ಭಾಷಣಕಾರರ ಗಡ್ಡವನ್ನಾಗಲಿ ಟೋಪಿಯನ್ನಾಗಲಿ ನಂಬಿಕೆಯನ್ನಾಗಲಿ ಆತ ಮುಟ್ಟಿರಲಿಲ್ಲ. ಅವರ ಮಾತನ್ನು ಅವರ ನಡತೆಯ ಪಕ್ಕದಲ್ಲಿಟ್ಟಿದ್ದ, ಅಷ್ಟೆ. ಆಡಿದಂತೆ ನಡೆಯಿರಿ ಎಂದು ಅವರಿಗೆ ನಾವು ಹೇಳಬೇಕಿತ್ತು. ನಾವು ಸುಮ್ಮನಿದ್ದೆವು, ಒಬ್ಬ ನಗೆಗಾರ ಹೇಳಿದ. ನನ್ನ ಕೋಪ ಅವನ ಮೇಲಲ್ಲ, ನನ್ನ ಮೌನದ ಮೇಲೆ ಎಂದು ಆಗ ತಿಳಿಯಿತು.

ಆದುದರಿಂದ ಓದುಗರೇ, ಮುಂದಿನ ಬಾರಿ ಇಂಥದ್ದೊಂದು ದೃಶ್ಯ ನಿಮ್ಮ ಕೈಗೆ ಬಂದಾಗ, ಅದನ್ನು ಇನ್ನೊಬ್ಬರಿಗೆ ಕಳುಹಿಸುವ ಮೊದಲು ಒಂದು ಕ್ಷಣ ತಡೆಯಿರಿ. ಇದು ನಿಜವೇ? ಇದು ಕೃತ್ಯವನ್ನು ಕುರಿತದ್ದೋ, ಹುಟ್ಟನ್ನು ಕುರಿತದ್ದೋ? ಇದೇ ಮಾತನ್ನು ನಮ್ಮವರ ಬಗ್ಗೆ ಆಡಿದ್ದರೂ ನಾನು ನಗುತ್ತಿದ್ದೆನೇ? ಮೂರಕ್ಕೂ ಉತ್ತರ ಸಮಾಧಾನಕರವಾಗಿದ್ದರೆ ಧಾರಾಳವಾಗಿ ನಗಿ. ನಗು ಬಾರದೆ ಹೋದರೆ, ಬಂದ್ ಮಾಡುವ ಮೊದಲು ಅದನ್ನು ಇನ್ನೊಮ್ಮೆ ನೋಡಿ. ನಿಮಗೆ ಹೇಳಬೇಕಾದ ಮಾತು ಅದರಲ್ಲೇ ಇರಬಹುದು.